ನೀಟಣ್ಣನ ಕೈಯಲ್ಲಿ ಮೀನಿನ ತೊಟ್ಟಿ

ಕ್ಷೌರದಂಗಡಿ ನಡೆಸುವ ಈ ಮನುಷ್ಯನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಬೇಕಿಲ್ಲ. ಎಲ್ಲರಿಗೂ ಅವನು ನೀಟಣ್ಣ. ಕಿವಿ ಪಕ್ಕದ ಕೂದಲು ಎಳ್ಳಷ್ಟು ಏರುಪೇರಾದರೂ ಗಿರಾಕಿಯನ್ನು ಕುರ್ಚಿಯಿಂದ ಏಳಗೊಡುವವನಲ್ಲ. ಬಸ್ಸು ತಪ್ಪುತ್ತದೆ ಎಂದು ಯಾರಾದರೂ ಗೊಣಗಿದರೆ, "ಬಸ್ಸು ಇನ್ನೊಂದು ಬರುತ್ತೆ, ಈ ಅವತಾರದಲ್ಲಿ ಹೋದ್ರೆ ನನ್ನ ಮಾನ ಹೋಗುತ್ತೆ" ಎನ್ನುತ್ತಾನೆ.

ಅಂಗಡಿಯ ಹಿಂದೆಯೇ ಮನೆ. ನಡುಮನೆಯಲ್ಲಿ ಅಕ್ಕನ ಮೀನಿನ ಗಾಜಿನ ತೊಟ್ಟಿ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ. ಹೊಲಿಗೆ ಕಾರ್ಖಾನೆಯಲ್ಲಿ ದುಡಿದು ಓದಿಸಿದಳು, ಓದು ತಲೆಗೆ ಹತ್ತದಿದ್ದಾಗ ಕತ್ತರಿ ಹಿಡಿಸಿದಳು, ಅಂಗಡಿ ಹಾಕಿಸಿದಳು. ತನಗೆಂದು ಆಸೆಪಟ್ಟು ಕೊಂಡದ್ದು ಈ ತೊಟ್ಟಿಯೊಂದನ್ನೇ. ಬಸ್ಸಿನಲ್ಲಿ ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ತಂದಿದ್ದಳು. ಮೀನುಗಳು ಎಷ್ಟೋ ತಲೆಮಾರು ಬಂದು ಹೋದವು. ತೊಟ್ಟಿ ಮಾತ್ರ ಇಪ್ಪತ್ತೈದು ವರ್ಷವಾದರೂ ಜಪ್ಪಯ್ಯ ಅಂದಿರಲಿಲ್ಲ.

ಅದನ್ನು ತೊಳೆಯುವ ಕೆಲಸ ನೀಟಣ್ಣನದು. ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ವಾರದ ರಜೆ ಬಂತೆಂದರೆ ಕತ್ತಿಗೆ ಹೊಸ ಬ್ಲೇಡು ಹಾಕಿ, ಮದುಮಗನ ಗಡ್ಡ ತೆಗೆಯುವಷ್ಟು ಶ್ರದ್ಧೆಯಿಂದ ಗಾಜಿನ ಪಾಚಿ ಕೆರೆಯುತ್ತಿದ್ದ. ಅಕ್ಕನ ಋಣಕ್ಕೆ ಪ್ರತಿಯಾಗಿ ಏನಾದರೂ ಮಾಡಲು ಅವನಿಗೆ ಗೊತ್ತಿದ್ದ ದಾರಿ ಅದು. "ಸಾಕು ಬಿಡೋ, ಮೀನಿಗೇನು ಫೋಟೋ ತೆಗೀತಾರಾ" ಎಂದು ಅವಳು ಛೇಡಿಸುತ್ತಿದ್ದಳು.

ಅಕ್ಕ ಮೊಣಕಾಲಿನ ಆಪರೇಷನ್ನಿಗೆ ಆಸ್ಪತ್ರೆ ಸೇರಿದ ವಾರವೇ ತೊಟ್ಟಿ ಸೋರಲು ಶುರುವಾಯಿತು. ಮೊದಲು ಮೇಜು ಒದ್ದೆ, ಆಮೇಲೆ ನೆಲ. ನೀಟಣ್ಣ ಮೀನುಗಳನ್ನು ಬಕೆಟ್ಟಿಗೆ ಹಾಕಿದ. ಆಸ್ಪತ್ರೆಗೆ ಹೋದರೆ ಅಕ್ಕನಿಗೆ ಕಾಲಿನ ಚಿಂತೆಯೇ ಇಲ್ಲ. "ಮನೆಗೆ ಬಂದ್ಮೇಲೆ ತಿಂಗಳುಗಟ್ಟಲೆ ಕೂತೇ ಇರ್ಬೇಕಂತೆ ಕಣೋ. ಮೀನು ನೋಡ್ಕೊಂಡು ಕಾಲ ಕಳೀತೀನಿ" ಎಂದಳು. ಇವನು ಹೂಂಗುಟ್ಟಿ ಎದ್ದು ಬಂದ. ಹೊಸ ತೊಟ್ಟಿ ತಂದಿಟ್ಟರೆ ಅವಳು ಒಂದೇ ನೋಟಕ್ಕೆ ಕಂಡುಹಿಡಿಯುತ್ತಾಳೆ. ಇರುವುದನ್ನೇ ಉಳಿಸಿಕೊಳ್ಳಬೇಕಿತ್ತು.

ಗಾಜಿನಂಗಡಿಯ ಯಜಮಾನರು ಬಂದರು. ತೊಟ್ಟಿಯ ಒಳಮೂಲೆಗಳ ಉದ್ದಕ್ಕೂ ಬೆರಳಾಡಿಸಿದರು.

"ಹಳೇದು. ಆಯಸ್ಸು ಮುಗೀತು ಅಲ್ವಾ ಸಾರ್?" ನೀಟಣ್ಣ ಕೇಳಿದ.

"ಆಯಸ್ಸಿಗೇನಾಗಿದೆ? ಗಾಜು ಗಟ್ಟಿಮುಟ್ಟಾಗಿದೆ. ಅಂಟೂ ಇನ್ನಷ್ಟು ವರ್ಷ ಬರ್ತಿತ್ತು. ಒಳಗಡೆ ಮೂಲೇಲಿ ನೀರು ತಡೆಯೋಕೆ ಅಂಟಿನ ದಪ್ಪ ಪಟ್ಟಿ ಇರ್ಬೇಕು ನೋಡಿ, ನಿಮ್ಮದ್ರಲ್ಲಿ ಅದೇ ಇಲ್ಲ. ಯಾರೋ ಪುಣ್ಯಾತ್ಮರು ನುಣ್ಣಗೆ ಬೋಳಿಸಿಬಿಟ್ಟಿದ್ದಾರೆ."

ಮೂಲೆಯಲ್ಲಿ ಉಬ್ಬಿಕೊಂಡಿದ್ದ ಆ ಅಂಟಿಗೆ ಪಾಚಿ ಹಿಡಿದು ನೀಟಣ್ಣನ ಕಣ್ಣಿಗೆ ಚುಚ್ಚುತ್ತಿತ್ತು. ವಾರವಾರವೂ ಎಳೆಎಳೆಯಾಗಿ ತೆಗೆದು ಗೆರೆ ನೇರ ಮಾಡಿದ ಪುಣ್ಯಾತ್ಮ ಅವನೇ. ಸೇವೆ ಎಂದುಕೊಂಡು ಇಷ್ಟು ವರ್ಷ ಮಾಡಿದ್ದು ಇದು. ಅವನಿಗೆ ನಾಚಿಕೆಗಿಂತ ಸಂಕಟವೇ ಹೆಚ್ಚಾಯಿತು.

"ಉಳಿಯುತ್ತಾ?"

"ಹಳೇ ಅಂಟು ಕಿತ್ತು ಹೊಸದು ಹಾಕ್ತೀನಿ. ಪೂರ್ತಿ ಒಣಗೋವರೆಗೂ ನೀರು ಹಾಕ್ಬೇಡಿ. ಆಮೇಲೆ ಮೂಲೆ ಹತ್ರ ಬ್ಲೇಡ್ ತರೋರನ್ನ ಆಚೆಗೆ ಕಳ್ಸಿ."

ಹೊಸ ಅಂಟು ಅಂಕುಡೊಂಕಾಗಿ ಕೂತಿತು. ಹೆಬ್ಬೆರಳಿನ ಗುರುತು ಬೇರೆ. ನೀಟಣ್ಣ ಅತ್ತ ನೋಡದೆ ಓಡಾಡಿದ. ಅಕ್ಕ ಬರುವ ಹಿಂದಿನ ದಿನ ನೀರು ತುಂಬಿಸಿ, ಕೆಳಗೆ ಹಳೇ ಪೇಪರು ಹಾಸಿದ. ಬೆಳಿಗ್ಗೆ ಎದ್ದು ಮುಟ್ಟಿದರೆ ಪೇಪರು ಗರಿಗರಿಯಾಗಿತ್ತು. ಅವನಿಗೆ ಹೋದ ಜೀವ ಬಂತು.

ಅಕ್ಕ ಬಂದಳು, ತೊಟ್ಟಿಯ ಎದುರು ಕಾಲು ಚಾಚಿ ಕುಳಿತಳು. ಒಂದೆರಡು ತಿಂಗಳು ಹಾಗೇ ಕಳೆಯಿತು. ಗಾಜಿನ ನಡುಭಾಗವನ್ನು ನೀಟಣ್ಣ ಈಗ ಸ್ಪಂಜಿನಲ್ಲಿ ಒರೆಸುತ್ತಿದ್ದ. ಮೂಲೆಗಳಿಗೆ ಮೆಲ್ಲಗೆ ಹಸಿರು ಹಿಡಿಯಿತು.

"ಏನೋ ಇದು, ಮೂಲೆಯೆಲ್ಲ ಪಾಚಿ? ನಿನ್ನ ಕೈಗೇನಾಯ್ತು?" ಎಂದಳು ಅಕ್ಕ.

ಅವನ ಬೆರಳುಗಳು ತುಡಿದವು. ಕತ್ತಿ ಅಂಗಡಿಯಲ್ಲಿತ್ತು, ಅಲ್ಲೇ ಬಿಟ್ಟ.

"ಇರ್ಲಿ ಬಿಡಕ್ಕ, ಅದಕ್ಕೂ ವಯಸ್ಸಾಯ್ತು. ಗಡ್ಡ ಬಿಟ್ಕೊಂಡಿರ್ಲಿ" ಎಂದು ಅವಳ ಪಕ್ಕದಲ್ಲಿ ಕುಳಿತು, ಮೊದಲ ಸಲ ಗಾಜನ್ನು ಬಿಟ್ಟು ಮೀನುಗಳನ್ನು ನೋಡಿದ.