ನೋರ್ವಿನ್ ಜಾಗ ಬಿಟ್ಟುಕೊಡಲಿಲ್ಲ

ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಭಾನುವಾರ ಬೋಧನೆ ಮುಗಿದದ್ದೇ ತಡ, ಅರ್ಸೇಲಿಯಾ ಬೂದಿಯೇರ್ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ಒಂದಲ್ಲ ಎರಡಲ್ಲ, ಹನ್ನೊಂದು ವರ್ಷ. ಮಿಸ್ಕಿಟೊ ಕರಾವಳಿಯ ನಮ್ಮ ಮೊರಾವಿಯನ್ ಕ್ರೈಸ್ತ ಸಭೆಗಳಲ್ಲಿ ಭೋಜನದ ಹಿಂದಿನ ವಾರ ಪಾದ್ರಿ ಅಯ್ಯನವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಮನಸ್ಸು ನೆಮ್ಮದಿಯಾಗಿದೆಯಾ ಎಂದು ವಿಚಾರಿಸುವುದು ಪದ್ಧತಿ. ಅವಳದು ಪ್ರತಿ ಸಲವೂ ಒಂದೇ ಉತ್ತರ: "ಈ ಸಲ ಬೇಡ ಅಯ್ಯನೋರೇ."

ಊರಿಗೆ ಕಾರಣ ಹುಡುಕುವುದು ಕಷ್ಟವೇ? ಕಂಬಗಳ ಮೇಲೆ ಕಟ್ಟಿದ ಅವಳ ಮನೆಯ ಕೆಳಗಿನ ನೆರಳಿನಲ್ಲಿ ರೊಲಾಂಡೊ ಕೂತು ಬಲೆ ಹೆಣೆಯುತ್ತಿದ್ದ. ಲಾಬ್‌ಸ್ಟರ್ ಹಿಡಿಯಲು ಸಮುದ್ರದ ಆಳಕ್ಕಿಳಿದು, ಅವಸರದಲ್ಲಿ ಮೇಲೆದ್ದು, ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಮುಳುಗುಗಾರ ಅವನು.

"ಮದುವೆ ಇಲ್ದೆ ಗಂಡಸನ್ನ ಇಟ್ಕೊಂಡವ್ಳೆ. ರೊಟ್ಟಿ ಗಂಟಲಲ್ಲಿ ಇಳಿದೀತಾ?" ಎಂದು ಬಾವಿಕಟ್ಟೆಯ ಹೆಂಗಸರು ಆಡಿಕೊಳ್ಳುತ್ತಿದ್ದರು.

"ಹೌದ್ರಮ್ಮಾ, ಇಟ್ಕೊಂಡವ್ಳೆ. ಓಡಿಹೋಗೋಣ ಅಂದ್ರೆ ಕಾಲಿಲ್ವಲ್ಲ ನಂಗೆ!" ಎಂದು ಅವನು ಅಲ್ಲಿಂದಲೇ ಕೂಗುತ್ತಿದ್ದ.

ಆದರೆ ಅವಳ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಬೇರೆಯೇ.

ಹನ್ನೊಂದು ವರ್ಷದ ಹಿಂದೆ ಅವಳು ನಡುಗಡಲಿನ ಮರಳುದಿಬ್ಬಗಳಲ್ಲಿ ವ್ಯಾಪಾರ ಮಾಡುತ್ತಿದ್ದಳು. ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಗುಡಿಸಲು, ಅದರೊಳಗೆ ಅಕ್ಕಿ, ಸೋಪು, ಸಿಗರೇಟು. ಮುಳುಗುಗಾರರು ಬದಲಿಗೆ ಕೊಟ್ಟ ಲಾಬ್‌ಸ್ಟರನ್ನು, ಅಂಗಾತ ಮಲಗಿಸಿದ ಕೆಟ್ಟ ಫ್ರಿಜ್ಜೊಂದರಲ್ಲಿ ಮಂಜುಗಡ್ಡೆ ತುಂಬಿ ಇಡುತ್ತಿದ್ದಳು. ಚಂಡಮಾರುತ ಬಂದ ದಿನ ಗುಡಿಸಲು ಬೆಂಕಿಪೊಟ್ಟಣದಂತೆ ಮುರಿದುಬಿತ್ತು. ಹತ್ತಿ ಕೂರುವಂತೆ ತೇಲಿದ್ದು ಆ ಫ್ರಿಜ್ಜು ಮಾತ್ರ. ಹಿಂದಿನ ದಿನವಷ್ಟೇ ಕಾಲು ಸತ್ತು, ಊರಿಗೆ ಹೋಗುವ ದೋಣಿಗಾಗಿ ಅವಳ ಗುಡಿಸಲಿನಲ್ಲಿ ಮಲಗಿದ್ದ ರೊಲಾಂಡೊನನ್ನು ಅದರೊಳಕ್ಕೆ ಎಳೆದು ಹಾಕಿ ತಾನೂ ಹತ್ತಿದಳು. ಆಗ ನೋರ್ವಿನ್ ಈಜಿಕೊಂಡು ಬಂದು ಅಂಚು ಹಿಡಿದ. ಇಪ್ಪತ್ಮೂರರ ಗಟ್ಟಿಮುಟ್ಟಾದ ಮುಳುಗುಗಾರ, ಅವಳದೇ ಊರಿನ ಬೆನಿಗ್ನಾ ಅಜ್ಜಿಯ ಒಬ್ಬನೇ ಮಗ. ಅವನ ಭಾರಕ್ಕೆ ಫ್ರಿಜ್ಜು ವಾಲಿ ನೀರು ಒಳಗೆ ನುಗ್ಗಿತು.

"ಆ ಹಲಗೆ ಹಿಡಿ, ಹೋಗು! ನಿಂಗೆ ಈಜು ಬರುತ್ತೆ!" ಎಂದು ಅವಳು ಕಿರುಚಿದಳು. ಅವನು ಬಿಡಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ಅವಳೇ. ಹಲಗೆ ಅವನಿಗೆ ಸಿಗಲಿಲ್ಲ.

ಮೂರನೆಯ ದಿನ ಊರು ಸೇರಿದಾಗ ದಡದಲ್ಲಿ ಕಾದಿದ್ದ ಬೆನಿಗ್ನಾ, ಮಗ ಜೊತೆಗಿಲ್ಲದ್ದು ಕಂಡು ಕೇಳಿದಳು, "ನನ್ನ ಮಗ ಹೇಗೆ ಹೋದ?" ಉಪ್ಪಿಗೆ ಒಡೆದ ತುಟಿಯಿಂದ ಒಂದು ಸುಳ್ಳು ಹೊರಬಿತ್ತು: "ನಮಗೆ ಜಾಗ ಬಿಟ್ಟುಕೊಟ್ಟ."

ಅಷ್ಟು ಸಾಕಾಯಿತು. ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ಹೆಚ್ಚಿನ ಪ್ರೀತಿ ಇಲ್ಲವೆಂಬ ಬೈಬಲ್ ವಾಕ್ಯ ತೆಗೆದು ವರ್ಷವರ್ಷವೂ ನೋರ್ವಿನ್ ಕುರಿತು ಅಯ್ಯನವರ ಬೋಧನೆ. ಮುಳುಗುಗಾರರಿಗೆ ಸರಿಯಾದ ಉಸಿರಾಟದ ಸಲಕರಣೆ ಕೊಡದ, ಬಿರುಗಾಳಿಯ ಸುದ್ದಿ ತಿಳಿದೂ ದೋಣಿ ಕಳಿಸದ ಲಾಬ್‌ಸ್ಟರ್ ಧಣಿಗಳು ಮುಂದಿನ ಬೆಂಚಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಸತ್ತವನು ತಾನಾಗಿಯೇ ಸತ್ತನೆಂದರೆ ಉಳಿದವರಿಗೆಲ್ಲ ಎಷ್ಟು ಹಗುರ!

ಹನ್ನೊಂದನೆಯ ವರ್ಷ ಸಭೆಗೆ ಹೊಸ ಗಂಟೆ ಬಂತು. ಅದಕ್ಕೆ ನೋರ್ವಿನ್ ಹೆಸರು ಕೆತ್ತಿಸುವುದು, ಕಣ್ಣಾರೆ ಕಂಡ ಅರ್ಸೇಲಿಯಾ ಭಾನುವಾರ ಎದ್ದು ಸಾಕ್ಷಿ ಹೇಳುವುದು ಎಂದು ತೀರ್ಮಾನವಾಯಿತು. ಅವಳು ನೇರವಾಗಿ ಅಯ್ಯನವರ ಮನೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು.

ಅಯ್ಯನವರು ಸಮಾಧಾನ ಹೇಳಿದರು. "ಕೈಲಾಗದವನನ್ನ ಕಾಪಾಡಿದ್ದೀಯಮ್ಮ. ಮೂರು ಹೆಣ ಬೀಳೋ ಕಡೆ ಒಂದು ಬಿತ್ತು. ದೇವರು ಇದನ್ನ ಪಾಪ ಅನ್ನಲ್ಲ."

"ಪಾಪವೇ ಅಲ್ಲ ಅಂದ್ರೆ, ನಾನು ಕ್ಷಮೆ ಏನಕ್ಕೆ ಕೇಳ್ಲಿ ಅಯ್ಯನೋರೇ? ಆ ಬೆರಳುಗಳು ಇನ್ನೂ ನನ್ನ ಅಂಗೈಲಿವೆ. ರೊಲಾಂಡೊ ಬದುಕಿದ್ದಕ್ಕೆ ದಿನಾ ಸ್ತೋತ್ರ ಹೇಳ್ತೀನಿ. ಅದೇ ಬಾಯಲ್ಲಿ ನೋರ್ವಿನ್ ಹೆಸರೂ ಬರುತ್ತೆ. ಎರಡೂ ನಿಜ."

"ಸರಿ, ದೇವರಿಗೆ ಹೇಳಿದೆಯಲ್ಲ. ಬೆನಿಗ್ನಾಗೂ ಹೇಳಿ ಆ ಮುದುಕಿ ಹೊಟ್ಟೆಗೆ ಯಾಕೆ ಬೆಂಕಿ ಹಾಕ್ತೀಯ?"

"ಮಗ ಅವಳವನು. ನೀವ್ಯಾರು ಕ್ಷಮಿಸೋಕೆ?"

ಹಾಗೆಂದು ಹೊರಟವಳು ಬೆನಿಗ್ನಾ ಮನೆಯ ಮೆಟ್ಟಿಲು ಹತ್ತಿದಳು. ಅಜ್ಜಿ ಮಂಕರಿಯ ಪಕ್ಕ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಅರ್ಸೇಲಿಯಾ ಕೂರಲಿಲ್ಲ, ನಿಂತೇ ಎಲ್ಲ ಹೇಳಿ ಮುಗಿಸಿದಳು. ತುರಿಯುವ ಸದ್ದು ನಿಂತಿತು.

"ಬಯ್ದನಾ?" ಎಂದಳು ಬೆನಿಗ್ನಾ.

"ಏನಜ್ಜೀ?"

"ಕಿವುಡೇನೇ ನಿಂಗೆ? ಬೆರಳು ಬಿಡಿಸುವಾಗ ನನ್ನ ಮಗ ನಿನ್ನ ಬಯ್ದನಾ ಅಂದೆ."

"ಬಯ್ದ ಅಜ್ಜೀ. ನನ್ನನ್ನ, ನಮ್ಮಮ್ಮನ್ನ, ಏಳು ತಲೆಮಾರನ್ನೂ ಬಯ್ದ. ಕೈಗೂ ಕಚ್ಚಿದ."

ಮುದುಕಿಯ ಬಾಯಿಂದ ನಗುವೋ ಅಳುವೋ ತಿಳಿಯದ ಸದ್ದೊಂದು ಹೊರಟಿತು. ಹಳೆಯ ಗೌನಿನ ತೋಳಿನಿಂದಲೇ ಮುಖ ಒರೆಸಿಕೊಂಡಳು.

"ಅವನೇ! ಅವನೇ ಕಣೇ ನನ್ನ ಮಗ! ಚಿಕ್ಕವನಿದ್ದಾಗ ತಟ್ಟೆಯಿಂದ ಒಂದು ಗೆಣಸಿನ ಚೂರು ಬಿಟ್ಟುಕೊಡ್ತಿರಲಿಲ್ಲ, ಇನ್ನು ಪ್ರಾಣ ಬಿಟ್ಟುಕೊಡ್ತಾನಾ? ಹನ್ನೊಂದು ವರ್ಷದಿಂದ ಅಯ್ಯನೋರು ಅದ್ಯಾವನೋ ಸಂತನ ಕತೆ ಹೇಳ್ತಿದ್ರು. ನಾನು ಕೂತು ಯೋಚ್ನೆ ಮಾಡ್ತಿದ್ದೆ, ಇವನಿಗೆ ಬದುಕು ಬೇಡವಾಗಿತ್ತಾ, ನಾನು ಬೇಡವಾಗಿದ್ನಾ, ಅದಕ್ಕೇ ಹೋದನಾ ಅಂತ."

"ಇಲ್ಲ ಅಜ್ಜೀ. ಕೊನೇವರೆಗೂ ಹಿಡ್ಕೊಂಡಿದ್ದ. ಬಲವಾಗಿ."

ಬೆನಿಗ್ನಾ ತಲೆಯಾಡಿಸಿದಳು. ಆಮೇಲೆ ತೆಂಗಿನ ಚಿಪ್ಪೊಂದನ್ನು ಎತ್ತಿ ಅರ್ಸೇಲಿಯಾಳತ್ತ ಬೀಸಿ ಒಗೆದಳು. ಅದು ಭುಜಕ್ಕೆ ಬಡಿಯಿತು. "ಹೋಗು, ಇವತ್ತು ನಿನ್ನ ಮುಖ ನೋಡೋಕಾಗಲ್ಲ."

ಭಾನುವಾರ ಸಾಕ್ಷಿಗೆಂದು ಅರ್ಸೇಲಿಯಾಳ ಹೆಸರು ಕರೆಯುವ ಮೊದಲೇ ಬೆನಿಗ್ನಾ ಎದ್ದು ನಿಂತಳು. "ಗಂಟೆಗೆ ಹೆಸರು ಬೇಡ. ನನ್ನ ಮಗ ಯಾರಿಗೂ ಜಾಗ ಬಿಟ್ಟುಕೊಟ್ಟಿಲ್ಲ. ನೀರು ಒಳಗೆ ಬಂತು, ಇವಳು ಅವನ ಕೈ ಬಿಡಿಸಿದ್ಳು. ನಂಗೆ ಇವಳೇ ಹೇಳಿದ್ಳು, ನೀವ್ಯಾರೂ ಹೇಳ್ಲಿಲ್ಲ. ಅವನಿಗೆ ಬದುಕೋ ಆಸೆ ಇತ್ತು. ಅಂಥ ಮಗನ್ನ ಇಪ್ಪತ್ಮೂರು ವರ್ಷ ಕೊಟ್ಟಿದ್ದಕ್ಕೆ ದೇವರಿಗೆ ಸ್ತೋತ್ರ. ನಿಜ ತಂದವಳಿಗೂ ದೇವರು ಒಳ್ಳೇದು ಮಾಡ್ಲಿ. ಮುಂದಿನ ಬೆಂಚಿನೋರು ಯಾಕೆ ತಲೆ ತಗ್ಗಿಸಿದ್ದೀರ? ಆ ದಿನ ದೋಣಿ ಎಲ್ಲಿತ್ತು ಅಂತ ನೀವೂ ಎದ್ದು ಸಾಕ್ಷಿ ಹೇಳಿ."

ಧಣಿಗಳು ಕೀರ್ತನೆ ಪುಸ್ತಕದ ಹಾಳೆ ತಿರುವಿದರು.

ಭೋಜನಕ್ಕೆ ಮೊದಲು, ಮನಸ್ತಾಪ ಬಿಟ್ಟ ಗುರುತಾಗಿ ಪಕ್ಕದವರಿಗೆ ಬಲಗೈ ಕೊಡುವ ಹೊತ್ತು ಬಂತು. ಅಭ್ಯಾಸಬಲದಿಂದ ಅರ್ಸೇಲಿಯಾ ಬಾಗಿಲ ಕಡೆ ಹೊರಟಿದ್ದಳು. ಬೆನಿಗ್ನಾ ಬೆಂಚುಗಳ ನಡುವೆ ಕುಂಟುತ್ತ ಬಂದು ಅಡ್ಡ ನಿಂತು ಕೈ ಚಾಚಿದಳು.

"ಪೂರ್ತಿ ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡ," ಎಂದಳು, ಮೆಲ್ಲಗೆ. "ಅರ್ಧ ಆಗಿದೆ. ಉಳಿದದ್ದು ಕೂತು ಉಂಡ ಮೇಲೆ ನೋಡೋಣ. ಹಿಡ್ಕೊಳ್ಳೇ, ಕಾಲು ನೋಯ್ತಿದೆ."

ಅರ್ಸೇಲಿಯಾ ಹಿಡಿದಳು.