ಬೋರಲು ಗ್ಲಾಸಿನ ನೀಲವ್ವ

ನಾನು ಕುಡಿದ ಚಹಾಗಳಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದಕ್ಕೆ ಮುನ್ನೂರ ನಲವತ್ತು ರೂಪಾಯಿ ಬಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಚಹಾದ ಬೆಲೆ ಪೈಸೆಗಳಲ್ಲೇ ಇತ್ತು, ಮಿಕ್ಕದ್ದೆಲ್ಲ ಲಾರಿಯ ಹೊಸ ಬ್ಯಾಟರಿಯದು. ಅಂಗಡಿಯವನು ಮುನ್ನೂರ ತೊಂಬತ್ತು ಹೇಳಿದ್ದ. ಹಳೆಯದನ್ನು ಅವನ ತಲೆಗೇ ಕಟ್ಟಿ ಐವತ್ತು ಇಳಿಸಿದೆ. ಬ್ಯಾಟರಿ ಬದಲಿಸದಿದ್ದರೆ ದಹಿಸರ್ ನಾಕಾದಲ್ಲಿ ನೀಲವ್ವ ಚಹಾ ಕೊಡುವುದಿಲ್ಲ, ಚಹಾ ಇಲ್ಲದೆ ತಾನು ಗಾಡಿ ಹೊಡೆಯುವುದಿಲ್ಲ ಎಂದು ನನ್ನ ಡ್ರೈವರ್ ಶೇಖರ ಹಟ ಹಿಡಿದಿದ್ದ.

ಆಗ ನನಗಿದ್ದದ್ದು ಒಂದೇ ಲಾರಿ. ಕುಂದಾಪುರದ ಕಡೆಯಿಂದ ಬಂದು ಹನ್ನೊಂದು ವರ್ಷ ಕುರ್ಲಾದ ಹೋಟೆಲೊಂದರಲ್ಲಿ ಲೋಟ ತೊಳೆದು, ಗಲ್ಲಾ ನೋಡಿಕೊಂಡು ಕೂಡಿಸಿದ ದುಡ್ಡಿನದು. ಗುಜರಾತಿನ ವಾಪಿಯಿಂದ ಕಾಗದದ ಬಂಡಲುಗಳನ್ನು ತಂದು ಕುರ್ಲಾದಲ್ಲಿ ಇಳಿಸುತ್ತಿದ್ದೆ. ಊರೊಳಗೆ ಬರುವ ಸರಕಿಗೆಲ್ಲ ಗಡಿಯ ದಹಿಸರ್ ನಾಕಾದಲ್ಲಿ ಜಕಾತಿ ಸುಂಕ ಕಟ್ಟಬೇಕು. ಲಾರಿಗಳ ಸಾಲು ಅರ್ಧ ಮೈಲಿ. ಒಮ್ಮೆ ಆರಿಸಿದರೆ ಮತ್ತೆ ಹೊತ್ತುವ ಭರವಸೆ ಇಲ್ಲದ್ದರಿಂದ ಯಾರೂ ಎಂಜಿನ್ ನಿಲ್ಲಿಸುತ್ತಿರಲಿಲ್ಲ. ಎರಡು ಗಂಟೆ ನಿಂತ ಗಾಡಿ ಎರಡು ಗಂಟೆಯೂ ಹೊಗೆ ಕಾರುತ್ತಲೇ ಇರುತ್ತಿತ್ತು.

ಆ ಸಾಲಿನ ಪಕ್ಕದಲ್ಲೇ ನೀಲವ್ವನ ಚಹಾದ ಗಾಡಿ. ಬಾಗಲಕೋಟೆಯ ಕಡೆಯವಳು. ಗಂಡ ಫಕೀರಪ್ಪ ಹೈವೇಗೆ ಜಲ್ಲಿ ಒಡೆಯಲು ಬಂದವನು, ರಸ್ತೆ ಮುಗಿದ ಮೇಲೂ ಇಬ್ಬರೂ ರಸ್ತೆ ಬಿಟ್ಟು ಹೋಗಲಿಲ್ಲ. ನಾನು ಮೊದಲ ಸಲ ಶೇಖರನ ಜೊತೆ ಹೋದಾಗ ಅವಳು ನನ್ನ ಮುಖ ನೋಡಲಿಲ್ಲ, ಲಾರಿಯ ಹೊಗೆಕೊಳವೆ ನೋಡಿದಳು.

"ಎಂಜಿನ್ ಬಂದ್ ಮಾಡಿ ಬಾ. ಆಮ್ಯಾಲ ಚಾ."

"ಬಂದ್ ಮಾಡಿದ್ರೆ ಮತ್ತೆ ಚಾಲೂ ಆಗುದಿಲ್ಲ, ನೀಲವ್ವ" ಎಂದ ಶೇಖರ.

"ಇಷ್ಟ ಮಂದಿ ಗಂಡಸರು ಕುಂತಾರಲ್ಲ, ನೂಕತಾರ. ನನ್ನ ಚಾ ಕುಡದಾಂವ ನೂಕಾಕಬೇಕು. ನಿನ್ನ ಹೊಗಿ ನನ್ನ ಹಾಲಿನ್ಯಾಗ ಬೀಳೂದು ಬ್ಯಾಡ."

ನಿಜಕ್ಕೂ ನೂಕಿದರು. ಲಾರಿಯ ಮಾಲೀಕನಾದ ನಾನೂ ಇಸ್ತ್ರಿ ಮಾಡಿದ ಷರ್ಟಿನಲ್ಲಿ ನೂಕಿದೆ. ಮುಂದಿನ ವಾರ ಬ್ಯಾಟರಿ ಕೊಂಡೆ. ಅದರಿಂದ ಡೀಸೆಲ್ ಎಷ್ಟು ಉಳಿಯಿತೆಂಬುದು ಎರಡೇ ತಿಂಗಳಲ್ಲಿ ನನಗೆ ತಿಳಿಯಿತು. ಆದರೆ ಅದನ್ನು ನೀಲವ್ವನಿಗೆ ಹೇಳಲಿಲ್ಲ. ವ್ಯಾಪಾರಸ್ಥ ತನ್ನ ಲಾಭವನ್ನು ಎದುರಿನವರಿಗೆ ಹೇಳಬಾರದು ಎಂಬುದು ಆಗಿನ ನನ್ನ ನೇಮ.

ಎಂಜಿನ್ ಆರಿತೆಂದರೆ ಡ್ರೈವರ್ ಕೆಳಗಿಳಿಯುತ್ತಾನೆ. ಕೆಳಗಿಳಿದವನು ಕೂರುತ್ತಾನೆ, ಕೂತವನು ಮಾತಾಡುತ್ತಾನೆ. ಅವರ ಮಾತಿನಲ್ಲಿ ಪದೇ ಪದೇ ಬರುತ್ತಿದ್ದದ್ದು ಒಂದೇ ಗೋಳು: ಸರಕು ಇಳಿಸಿದ ಮೇಲೆ ವಾಪಸ್ ಹೋಗುವಾಗ ಗಾಡಿ ಖಾಲಿ. ಇತ್ತ ದಹಿಸರಿನ ಸಣ್ಣ ವ್ಯಾಪಾರಿಗಳು ಗುಜರಾತಿಗೆ ಸರಕು ಕಳಿಸಲು ಲಾರಿ ಸಿಗದೆ ಅವಳ ಎದುರೇ ನಿಂತಿರುತ್ತಿದ್ದರು. ಎರಡೂ ಕಡೆಯ ಗೋಳು ಕೇಳಿ ಕೇಳಿ ಸಾಕಾಗಿ ಅವಳು ಒಂದು ಹಲಗೆ ಇಟ್ಟಳು. ಚಹಾ ಮುಗಿಸಿದ ಡ್ರೈವರ್ ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ತನ್ನ ಲಾರಿಯ ನಂಬರು ಬರೆದು ಅದರ ಮುಂದೆ ಗ್ಲಾಸು ಇಡಬೇಕು. ಮರುದಿನ ಖಾಲಿ ಹೋಗುವವನದು ಬೋರಲು. ಅರ್ಧ ಜಾಗ ಇದ್ದವನದು ಅಡ್ಡ. ತುಂಬಿ ಹೋಗುವವನದು ನೆಟ್ಟಗೆ. ಮಧ್ಯಾಹ್ನ ವ್ಯಾಪಾರಿಗಳು ಬಂದು ಹಲಗೆ ನೋಡಿ ಹೋಗುವರು, ಬೆಳಿಗ್ಗೆ ಸರಕು ನಾಕಾಕ್ಕೆ ಬರುವುದು. ನೀಲವ್ವನಿಗೆ ಓದು ಬರುತ್ತಿರಲಿಲ್ಲ, ಗ್ಲಾಸು ಓದುತ್ತಿದ್ದಳು. ದಲಾಲಿ ಎಂದು ಒಂದು ಪೈಸೆ ಮುಟ್ಟಲಿಲ್ಲ.

ಇದು ನನ್ನ ತಲೆಗೆ ಹೋಗಲಿಲ್ಲ. ಇಷ್ಟು ಒಳ್ಳೆಯ ಧಂದೆಯನ್ನು ಪುಕ್ಕಟೆ ನಡೆಸುವುದೆಂದರೆ? ಒಂದು ದಿನ ಪಕ್ಕಕ್ಕೆ ಕರೆದು, "ಒಳ್ಳೆ ಸರಕು ಬಂದ್ರೆ ಮೊದ್ಲು ನಂಗೆ ಹೇಳಿ. ತಿಂಗಳಿಗೆ ಇಷ್ಟು ಅಂತ ಕೊಡ್ತೆ" ಎಂದೆ.

"ಹಲಗಿ ಬಯಲಾಗ ಐತಿ, ಸೇಠ. ನಿನಗ ಕಣ್ಣ ಅದಾವ, ಎಲ್ಲಾರಿಗೂ ಅದಾವ" ಎಂದವಳೇ ಹಾಲು ಉಕ್ಕುತ್ತಿದೆಯೆಂದು ತಿರುಗಿದಳು. ಹಾಲು ಉಕ್ಕುತ್ತಿರಲಿಲ್ಲ.

ಅಷ್ಟರಲ್ಲಿ ಡೀಸೆಲ್ಲಿನ ಬರ ಬಂತು. ಪಂಪುಗಳ ಮುಂದೆ ಸಾಲು, ಡ್ರಮ್ಮು ಹಿಡಿದುಕೊಂಡು ಕಾಯುವ ಕ್ಲೀನರುಗಳು. ಖಾಲಿ ಓಡಿದ ಒಂದೊಂದು ಮೈಲಿಯೂ ಕಣ್ಣಿಗೆ ಕುಕ್ಕುವಂಥ ಕಾಲ. ಆ ದಿನಗಳಲ್ಲೇ ನಾನು ಕೆಟ್ಟ ಬುದ್ಧಿ ಓಡಿಸಿದೆ. ವಿಕ್ರೋಳಿಯ ಒಂದು ಕಾರ್ಖಾನೆಯವರು ವಾಪಿಗೆ ಖಾಲಿ ಡ್ರಮ್ಮು ಕೊಡುವುದಾಗಿ ಒಪ್ಪಿದ್ದರು. ಅದಕ್ಕೆ ಅರ್ಧ ಲಾರಿ ಸಾಕು. ಗ್ಲಾಸು ಅಡ್ಡ ಇಡಬೇಕಿತ್ತು. "ಬೋರಲೇ ಇಡು" ಎಂದೆ ಶೇಖರನಿಗೆ. ಇಡೀ ಲಾರಿಯ ಬಾಡಿಗೆಯೂ ಬರಲಿ, ಡ್ರಮ್ಮಿನದೂ ಬರಲಿ, ಬೆಳಿಗ್ಗೆ ಸರಕು ಎದುರಿಗೆ ನಿಂತ ಮೇಲೆ ಹೇಗಾದರೂ ತುರುಕಿದರಾಯಿತು ಎಂಬ ಲೆಕ್ಕ. ಶೇಖರ ಹಾಗೇ ಇಟ್ಟ.

ಗ್ಲಾಸು ನೋಡಿ ಒಪ್ಪಿಕೊಂಡವನು ಗೋವಿಂದಭಾಯಿ. ಊರಿನ ಹೋಟೆಲುಗಳಿಂದ ಎಣ್ಣೆಯ ಖಾಲಿ ಡಬ್ಬಿಗಳನ್ನು ಕೂಡಿಸಿ, ಮತ್ತೆ ಎಣ್ಣೆ ತುಂಬಲು ಗುಜರಾತಿನ ಗಾಣಗಳಿಗೆ ಕಳಿಸುವವನು. ಮರುದಿನ ಬೆಳಗಾಗುವಷ್ಟರಲ್ಲಿ ಆರು ಕೈಗಾಡಿಗಳಲ್ಲಿ ಡಬ್ಬಿ ತಂದು ಕಾದಿದ್ದ. ನನ್ನ ಲಾರಿ ಡ್ರಮ್ಮು ಹೊತ್ತು ಬಂತು. ಎಷ್ಟು ತುರುಕಿದರೂ ಮೂರು ಕೈಗಾಡಿಯ ಡಬ್ಬಿಗಳು ರಸ್ತೆಯಲ್ಲೇ ಉಳಿದವು. ನಿಜವಾಗಿ ಖಾಲಿಯಿದ್ದ ಎರಡು ಲಾರಿಗಳು ಅವನನ್ನು ಕೇಳಿ, ಬೇಡವೆನಿಸಿಕೊಂಡು, ಅರ್ಧ ಗಂಟೆ ಮುಂಚೆ ಖಾಲಿಯೇ ಹೋಗಿದ್ದವು.

ಗೋವಿಂದಭಾಯಿ ನನ್ನ ಜೊತೆ ಜಗಳಕ್ಕೇ ಬರಲಿಲ್ಲ. ನೇರ ನೀಲವ್ವನ ಹತ್ತಿರ ಹೋದ. "ಬಾಯಿ, ತುಮ್ಹಾರಾ ಗಿಲಾಸ್ ಝೂಠ್ ಬೋಲಾ" ಎಂದ, ನಿನ್ನ ಗ್ಲಾಸು ಸುಳ್ಳು ಹೇಳಿತು ಎಂದು.

ನಾನು ಜೇಬಿಗೆ ಕೈಹಾಕಿದೆ. "ಉಳಿದ ಡಬ್ಬಿಗೆ ಬೇರೆ ಗಾಡಿ ನಾನೇ ಮಾಡಿಕೊಡ್ತೆ. ಎಷ್ಟಾಗ್ತದೋ ಹೇಳಿ."

"ಅದನ್ನ ಮಾಡೇ ಮಾಡತಿ" ಎಂದಳು ನೀಲವ್ವ. "ಹೋದ ಎರಡ ಗಾಡಿ ಎಣ್ಣಿ ಸುಟಗೊಂಡ ಖಾಲಿ ಹೋದುವಲ್ಲ, ಅದನ್ನ ಹ್ಯಾಂಗ ತರತಿ? ನಾಳೆ ಇವರು ನನ್ನ ಹಲಗಿ ನಂಬಲಿಲ್ಲಂದ್ರ ಎಲ್ಲಾ ಗಾಡಿನೂ ಖಾಲಿನ ಹೋಗತಾವ."

ಅವಳ ಧ್ವನಿ ಏರಿರಲಿಲ್ಲ. ನನ್ನ ನಂಬರಿನ ಮುಂದಿದ್ದ ಗ್ಲಾಸನ್ನು ತೊಳೆದು, ಒರೆಸಿ, ನೆಟ್ಟಗೆ ಇಟ್ಟಳು. "ಒಂದ ತಿಂಗಳ ನಿನ್ನ ಗಾಡಿ ತುಂಬೇತಿ" ಎಂದಳು.

ಆ ತಿಂಗಳು ಕಾಗದ ಇಳಿಸಿ ಪ್ರತಿ ಸಲವೂ ಖಾಲಿ ಹೋದೆವು. ಡ್ರಮ್ಮಿನ ಕಾರ್ಖಾನೆಯವರೂ ಬೇರೆಯವರನ್ನು ಹಿಡಿದಿದ್ದರು. ಬೇರೆಲ್ಲಾದರೂ ಸರಕು ಹುಡುಕಬಹುದಿತ್ತು, ಹುಡುಕಿದೆ ಕೂಡ. ಆದರೆ ನಾಕಾದ ಗ್ಲಾಸಿನ ಸುದ್ದಿ ನನಗಿಂತ ಮುಂಚೆ ಊರು ಸುತ್ತಿತ್ತು. ಚಹಾ ಮಾತ್ರ ನಿಲ್ಲಿಸಲಿಲ್ಲ ಅವಳು. ಶೇಖರ ಹೋಗಿ ಕುಡಿದು ಬರುತ್ತಿದ್ದ. "ನೀಲವ್ವ ನಿಮ್ಮ ಗ್ಲಾಸಿಗೆ ಅರಿಶಿನ ಕುಂಕುಮ ಹಚ್ಚುದೊಂದು ಬಾಕಿ, ಅಷ್ಟು ಮಡಿಯಲ್ಲಿ ಇಟ್ಟಿದ್ದಾಳೆ ಆ ಗ್ಲಾಸು" ಎಂದು ನನ್ನನ್ನು ಕಿಚಾಯಿಸುತ್ತಿದ್ದ.

ತಿಂಗಳು ಕಳೆದ ದಿನ ನಾನೇ ಹೋದೆ. ಎಂಜಿನ್ ಆರಿಸಿ ಕೂತೆ. ಗೋವಿಂದಭಾಯಿಯೂ ಅಲ್ಲೇ ಬೆಂಚಿನ ಮೇಲಿದ್ದ.

"ನಾಳೆ ಎಷ್ಟ ಜಾಗಾ ಐತಿ?" ಎಂದಳು ನೀಲವ್ವ.

ಆ ಸಲ ಕುರ್ಲಾದಿಂದಲೇ ಒಂದಿಷ್ಟು ಸರಕು ಸಿಕ್ಕಿತ್ತು. ಮುಕ್ಕಾಲು ತುಂಬುವಂತಿತ್ತು. ಅರ್ಧವೆಂದಿದ್ದರೆ ಮರುದಿನ ಬೆಳಗಿನವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಕಾಲು ಭಾಗ" ಎಂದೆ.

ಅವಳು ಗ್ಲಾಸು ಕೈಯಲ್ಲಿ ಹಿಡಿದು ಯೋಚಿಸಿದಳು. ಬೋರಲಲ್ಲ, ಅಡ್ಡವಲ್ಲ, ನೆಟ್ಟಗೂ ಅಲ್ಲ. "ಕಾಲು ಭಾಗಕ್ಕ ಹ್ಯಾಂಗ ಇಡೂದೋ ತಮ್ಮಾ" ಎಂದು ನಕ್ಕಳು. ಅಲ್ಲಿಯವರೆಗೆ ಅವಳಿಗೆ ನಾನು ಸೇಠನಾಗಿದ್ದೆ. ಕೊನೆಗೆ ಸಕ್ಕರೆ ಡಬ್ಬಿಗೆ ಆನಿಸಿ ಓರೆಯಾಗಿ ನಿಲ್ಲಿಸಿದಳು. ಗೋವಿಂದಭಾಯಿ ಒಂದೂವರೆ ಕೈಗಾಡಿ ಡಬ್ಬಿ ಕಳಿಸಿದ. ಆಮೇಲೆ ಓರೆ ಗ್ಲಾಸೂ ಹಲಗೆಯ ರೂಢಿಗೆ ಸೇರಿತು.

ಐದಾರು ವರ್ಷ ಹೀಗೆ ನಡೆಯಿತು. ನನ್ನದು ಒಂದು ಲಾರಿ ಹೋಗಿ ಮೂರಾದವು. ಒಮ್ಮೆ ಸುಗ್ಗಿಯ ನಂತರ ನಾಕಾಕ್ಕೆ ಹೋದರೆ ರಸ್ತೆ ಅಗಲವಾಗಿತ್ತು. ನೀಲವ್ವನ ಗಾಡಿಯ ಜಾಗದಲ್ಲಿ ಡಾಂಬರು. ಫಕೀರಪ್ಪನಿಗೆ ಬೇರೆ ರಸ್ತೆಯ ಕೆಲಸ ಸಿಕ್ಕಿ ಇಬ್ಬರೂ ಹೋದರೆಂದು ಯಾರೋ ಹೇಳಿದರು, ಯಾವ ರಸ್ತೆ ಎಂದು ಅವರಿಗೂ ಗೊತ್ತಿರಲಿಲ್ಲ. ಸಾಲಿನ ಲಾರಿಗಳೆಲ್ಲ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದ್ದವು. ನಾನು ನನ್ನದನ್ನು ಆರಿಸಿದೆ. ಹಿಂದಿನವನು ಕೆಟ್ಟು ನಿಂತಿತೆಂದು ತಿಳಿದು ಹಾರನ್ ಹೊಡೆದ.

ಗಾಡಿ ಇಟ್ಟು ಬದುಕುವವರಿಗೆ ನನ್ನ ಸಲಹೆ ಇಷ್ಟು. ಬಣ್ಣ, ಹಾರನ್ನು, ಹೂವಿನ ಚಿತ್ರ ಆಮೇಲೆ ಆಗಲಿ, ಮೊದಲು ಒಳ್ಳೆಯ ಬ್ಯಾಟರಿ ಹಾಕಿಸಿ. ಹಳೆಯದನ್ನು ಅಂಗಡಿಯವನಿಗೇ ಕೊಟ್ಟು ಚೌಕಾಸಿ ಮಾಡಿ. ನಿಂತಲ್ಲಿ ಎಂಜಿನ್ ಆರಿಸಿ, ಕೆಳಗಿಳಿದು ಪಕ್ಕದವನನ್ನು ಎಲ್ಲಿಗೆ ಹೊರಟಿದ್ದೀಯೆಂದು ಕೇಳಿ. ಬಾಡಿಗೆಯ ವಿಷಯದಲ್ಲಿ ಬೇಕಾದಷ್ಟು ಹಗ್ಗಜಗ್ಗಾಡಿ, ನಾನೂ ಆಡಿದ್ದೇನೆ. ಜಾಗದ ವಿಷಯದಲ್ಲಿ ಬೇಡ. ಕಾಲು ಭಾಗ ಖಾಲಿಯಿದ್ದರೆ ಕಾಲು ಭಾಗ ಎಂದೇ ಹೇಳಿ. ಅದಕ್ಕೊಂದು ಗುರುತು ಇಲ್ಲದಿದ್ದರೆ ಗ್ಲಾಸನ್ನು ಓರೆಯಾಗಿ ಆನಿಸಿಡಿ.