ಹಾಲ್ಕುರಿಕೆಯ ಮರದೊಳಗಿನ ಬೆಳಕು

2008ರಲ್ಲಿ ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕಿರಿಯ ವಿಜ್ಞಾನಿಯಾಗಿದ್ದೆ. ತೆಂಗಿನ ಜೀವಕೋಶದೊಳಗೆ ಹೊಸ ಜೀನ್ ಸೇರಿಸುವುದು ನನ್ನ ಕೆಲಸ. ಕೋಶದ ಗೋಡೆ ಗಟ್ಟಿ. ಜೀನ್ ತಾನಾಗಿ ಒಳಗೆ ಹೋಗದು. ಅದನ್ನು ಹೊತ್ತೊಯ್ಯಲು ನ್ಯಾನೋ ಕಣಗಳನ್ನು ಬಳಸುತ್ತಿದ್ದೆವು. ಮೈಕ್ರೋಸ್ಕೋಪಿನಡಿ ನೇರಳಾತೀತ ಬೆಳಕು ಬಿಟ್ಟರೆ ಅವು ಕೆಂಪಗೆ ಹೊಳೆಯುತ್ತವೆ. ಹೊಳೆದರೆ ಕಣ ಅಲ್ಲಿದೆ ಎಂದಷ್ಟೇ ಅರ್ಥ. ಜೀನ್ ಕೆಲಸ ಮಾಡಿತೇ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕು.

ಕೋಶ ತೆಗೆಯಲು ನಮಗೆ ತಮ್ಮ ಆರೋಗ್ಯವಂತ ಮರದ ಎಳೆಯ ಹೊಂಬಾಳೆ ಕೊಟ್ಟವರು ತಿಪಟೂರು ಕಡೆಯ ಹಾಲ್ಕುರಿಕೆಯ ರೈತ ಶಿವಣ್ಣ. ಅವರ ತೋಟದ ಎರಡು ಮರಗಳಿಗೆ ಅಣಬೆ ರೋಗ ತಗುಲಿತ್ತು. ಬುಡದಲ್ಲಿ ಕಂದು ರಸ ಸೋರುವ ಈ ರೋಗ ಬೇರಿನಿಂದ ಬೇರಿಗೆ ಹರಡುತ್ತದೆ. ಮರ ಕಡಿದು ಸುತ್ತ ಕಂದಕ ತೋಡಿ ಎಂದು ತೋಟಗಾರಿಕೆ ಅಧಿಕಾರಿ ಹೇಳಿದ್ದರು. ಆದರೆ ಗೊನೆ ಹೊತ್ತು ನಿಂತ ಮರಕ್ಕೆ ಕೊಡಲಿ ಹಾಕಲು ಆ ಸೀಮೆಯಲ್ಲಿ ಯಾರಿಗೂ ಮನಸ್ಸು ಬಾರದು.

ಒಂದು ದಿನ ಶಿವಣ್ಣ ಉಂಡೆ ಕೊಬ್ಬರಿಯ ಚೀಲ ಹಿಡಿದು 'ನಮ್ಮ ಮರ ಏನಾಯ್ತು' ಎಂದು ನೋಡಲು ಬಂದರು. ಕೋಶಗಳು ಮೊದಲ ಸಲ ಹೊಳೆದದ್ದು ಅಂದೇ ಬೆಳಿಗ್ಗೆ. ನನ್ನ ಕಾಲು ನೆಲದ ಮೇಲಿರಲಿಲ್ಲ. ಅವರಿಗೂ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಹಂಗಾರೆ ಮದ್ದು ಸಿಕ್ತು ಅನ್ನಿ."

ಕಣ ಹೊತ್ತದ್ದು ರೋಗ ತಡೆಯುವ ಜೀನ್ ಅಲ್ಲ, ವಿಧಾನ ಫಲಿಸುತ್ತದೆಯೇ ಎಂದು ನೋಡಲು ಹಾಕಿದ ಗುರುತಿನ ಜೀನ್ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಆ ಖುಷಿಯಲ್ಲಿ ಸಿಗುವ ಹೊಗಳಿಕೆ ನನಗೂ ಬೇಕಿತ್ತು.

"ದಾರಿ ಸಿಕ್ಕಿದೆ ಶಿವಣ್ಣನವರೇ," ಎಂದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಪರೀಕ್ಷೆಯ ಫಲ ಬಂತು. ಜೀನ್ ಕೆಲಸ ಮಾಡಿರಲಿಲ್ಲ. ಕೋಶಗಳೂ ಸತ್ತಿದ್ದವು. ಸತ್ತ ಕೋಶದೊಳಗೂ ಕಣ ಮಾತ್ರ ಹೊಳೆಯುತ್ತಲೇ ಇತ್ತು.

ವಿಷಯ ತಿಳಿಸಲು ಹಾಲ್ಕುರಿಕೆಗೆ ಹೋದೆ. ರೋಗದ ಮರಗಳು ಹಾಗೆಯೇ ನಿಂತಿದ್ದವು, ಕಂದಕವಿರಲಿಲ್ಲ. ಮದ್ದು ಬರುತ್ತದೆಂದು ನನ್ನ ಮಾತು ನಂಬಿ ಕಾದಿದ್ದರು. ನಾವು ಹೊಂಬಾಳೆ ತೆಗೆದ ಮರದ ಬುಡದಲ್ಲೂ ಈಗ ಕಂದು ರಸ ಇಳಿದಿತ್ತು. ಮದ್ದು ಬರುವುದಿಲ್ಲ, ತಪ್ಪು ನನ್ನದು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮರದ ಬುಡ ಸವರುತ್ತ ಕೇಳಿದರು.

"ಅಲ್ಲಿ ಬೆಳಕು ಇನ್ನೂ ಐತಾ ಮೇಡಂ?"

"ಇದೆ."

"ಅಷ್ಟಾದ್ರೂ ಇರ್ಲಿ ಬುಡಿ."

ಅದು ಸತ್ತ ಕೋಶದ ಬೆಳಕು ಎಂದು ಹೇಳಲು ಎರಡನೇ ಸಲವೂ ನನಗೆ ಬಾಯಿ ಬರಲಿಲ್ಲ.

ಈಗ ಪ್ರಯೋಗಾಲಯಕ್ಕೆ ಯಾರೇ ಬರಲಿ, ಹೊಳಪು ಏನನ್ನು ಹೇಳುವುದಿಲ್ಲ ಎಂಬುದನ್ನು ಮೊದಲು ತಿಳಿಸುತ್ತೇನೆ. ಆಮೇಲಷ್ಟೇ ದೀಪ ಹಾಕುತ್ತೇನೆ. ಇದನ್ನು ಕಲಿತದ್ದು ನಾನು, ಮರ ಹೋದದ್ದು ಶಿವಣ್ಣನವರದು.